ಇಪ್ಪತ್ತು ನಿಮಿಷ ಮುಂದೆ

"ರೀ... ನಿಮ್ಮನ್ನೇ! ಹಿಂದಕ್ಕೆ ತಿರುಗಿ!"

ಆ ಮನುಷ್ಯ ತಿರುಗಲಿಲ್ಲ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಹೆಗಲಿಗೊಂದು ಚರ್ಮದ ಚೀಲ ಏರಿಸಿಕೊಂಡು, ಕೋಟೆಯ ಕಡೆಗೆ ಆರಾಮಾಗಿ ನಡೆದೇ ಇದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಿಂದೆ ಹನ್ನೆರಡು ಜನ ಪ್ರವಾಸಿಗರು, ಎರಡೂ ಕಡೆ ಸಮುದ್ರ, ನಡುವೆ ಒದ್ದೆ ಮರಳಿನ ದಾರಿ. ಎಲ್ಲರೂ ದಡದ ಕಡೆ ಬರುತ್ತಿರುವಾಗ ಇವನೊಬ್ಬ ಎದುರು ಹೊರಟಿದ್ದಾನೆ!

ಓಡಿಹೋಗಿ ಅವನ ಚೀಲದ ಪಟ್ಟಿಯನ್ನೇ ಹಿಡಿದೆಳೆದಳು.

"ಕಿವಿ ಕೇಳಿಸಲ್ವಾ ನಿಮಗೆ? ನೀರು ಬರೋ ಹೊತ್ತು!"

ಅವನು ಗಾಬರಿಯಾಗಿ ತಿರುಗಿದ. ತೆಳ್ಳಗಿನ ಮುಖ, ಮೂಗಿನ ಮೇಲೆ ಜಾರಿದ ಕನ್ನಡಕ. "ಗಡುವು ಒಂದೂವರೆಗೆ ಅಂತ ಗೇಟಿನ ಬೋರ್ಡಲ್ಲಿ ಇದೆ ಮೇಡಂ. ಇನ್ನೂ ನಲವತ್ತು ನಿಮಿಷ ಇದೆ. ಇಲ್ಲಿಂದ ಕೋಟೆಗೆ ಹತ್ತು, ಅಲ್ಲಿಂದ ದಡಕ್ಕೆ ಇಪ್ಪತ್ತೈದು. ಐದು ನಿಮಿಷ ಉಳಿಯುತ್ತೆ."

"ನಲವತ್ತಲ್ಲ, ಇಪ್ಪತ್ತು!" ಅವಳು ಕೈಯ ವಾಚನ್ನು ಅವನ ಮೂಗಿಗೇ ಹಿಡಿದಳು. "ನೋಡಿ, ಒಂದು ಹತ್ತು. ಅಲ್ಲಾ ರೀ, ಐದು ನಿಮಿಷ ಕೈಯಲ್ಲಿಟ್ಟುಕೊಂಡು ಸಮುದ್ರದ ಜೊತೆ ಆಟ ಆಡ್ತೀರಾ?"

ಅವನು ಅವಳ ವಾಚನ್ನು ನೋಡಿದ, ತನ್ನದನ್ನು ನೋಡಿದ, ಮತ್ತೆ ಅವಳ ಮುಖ ನೋಡಿದ. ಆ ಮುಖದಲ್ಲಿ ಅದೇನು ಕಂಡಿತೋ, ಗುಂಪಿನ ಕೊನೆಗೆ ಸೇರಿಕೊಂಡ.

ಊರಲ್ಲಿ ಅವಳಿಗೆ ‘ಅವಸರಮ್ಮ’ ಅಂತಲೇ ಹೆಸರು. ಕೋಟೆ ನೋಡಲು ಬಂದವರನ್ನು ಇಳಿತದ ಹೊತ್ತಲ್ಲಿ ಮರಳ ದಾರಿಯ ಮೇಲೆ ಕರೆದೊಯ್ದು, ಉಬ್ಬರ ಏರುವ ಮುಂಚೆ ವಾಪಸ್ ತರುವುದು ಅವಳ ಕೆಲಸ. ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸ. ಅವರ ಮೊಣಕಾಲು ಕೈಕೊಟ್ಟ ಮೇಲೆ ಲೈಸೆನ್ಸ್ ಇವಳ ಹೆಸರಿಗೆ ಬಂದು ನಾಲ್ಕು ವರ್ಷ. ‘ಬನ್ನಿ, ಬನ್ನಿ, ಆಮೇಲೆ ನೋಡೋಣ, ಹೆಜ್ಜೆ ಹಾಕಿ’ ಅನ್ನುವುದು ಅವಳ ಬಾಯಿಗೆ ಅಂಟಿಹೋಗಿತ್ತು.

ದಡ ಹತ್ತಿರವಾಗುತ್ತಿದ್ದಂತೆ ಊರಿನ ಗೋಪುರದ ಗಂಟೆ ‘ಢಣ್’ ಎಂದು ಒಂದು ಹೊಡೆಯಿತು.

ಒಂದೇ ಒಂದು.

ಅವಳ ವಾಚಿನಲ್ಲಿ ಒಂದೂ ಇಪ್ಪತ್ತು!

"ಮೇಡಂ," ಹಿಂದಿನಿಂದ ಅವನ ದನಿ ಬಂತು. "ನಿಮ್ಮ ವಾಚು ಇಪ್ಪತ್ತು ನಿಮಿಷ ಮುಂದಿದೆ."

ಹನ್ನೆರಡು ಜೊತೆ ಕಣ್ಣು ಅವಳ ಕಡೆ ತಿರುಗಿದವು. ಅವಳಿಗೆ ಗೊತ್ತಿಲ್ಲದ ವಿಷಯವೇ ಅದು? ಆ ವಾಚು ಅಪ್ಪನದು. ಅಪ್ಪ ಬೇಕೆಂದೇ ಅದನ್ನು ಇಪ್ಪತ್ತು ನಿಮಿಷ ಮುಂದಿಟ್ಟಿದ್ದರು. ಕಾಲು ಉಳುಕಿದವರು, ನಿಧಾನದವರು, ಮಗು ಎತ್ತಿಕೊಂಡವರು... ಯಾರೇ ತಡ ಮಾಡಿದರೂ ನೀರಿಗಿಂತ ಮುಂದೆ ಇರಬೇಕಲ್ಲ! ಕೊಡುವಾಗ ಒಂದು ಮಾತು ಹೇಳಿದ್ದರು: ‘ಇದನ್ನ ಯಾರಿಗೂ ಹೇಳಬೇಡ ಮಗಳೇ. ಹೇಳಿದ ದಿನದಿಂದ ಎಲ್ಲರೂ ಮನಸ್ಸಲ್ಲೇ ಇಪ್ಪತ್ತು ಕಳೆದು ಕಾಲೆಳೀತಾರೆ.’

ಅದಕ್ಕೇ ಅವಳು ಪ್ರವಾಸಿಗರ ಫೋನುಗಳನ್ನೂ ಗೇಟಿನಲ್ಲೇ ಇಸಿದುಕೊಂಡು ನೀರಿಳಿಯದ ಚೀಲಕ್ಕೆ ಹಾಕಿಬಿಡುತ್ತಿದ್ದಳು. ಫೋಟೋ ಎಲ್ಲ ತನ್ನ ಕ್ಯಾಮೆರಾದಲ್ಲೇ ತೆಗೆದು ಕಳಿಸುವಳು. ಫೋನು ಒದ್ದೆಯಾಗುತ್ತೆ ಅನ್ನುವುದು ಹೇಳುವ ಕಾರಣ, ಅಷ್ಟೇ.

ಈಗ ಏನು ಮಾಡುವುದು? ಗತ್ತು ಬಿಡುವ ಹಾಗಿಲ್ಲ.

"ಆ ಗೋಪುರದ ಗಡಿಯಾರ ಮುದುಕ ರೀ," ಎಂದಳು ಗಟ್ಟಿಯಾಗಿ. "ಅದಕ್ಕೆ ಹೊತ್ತುಗೊತ್ತು ಒಂದೂ ತಿಳಿಯಲ್ಲ. ನನ್ನದೇ ಸರಿ."

ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಕನ್ನಡಕ ಮೇಲೇರಿಸಿ, ತಣ್ಣಗೆ ಹೇಳಿದ.

"ಆ ಮುದುಕನ್ನ ನೋಡಿಕೊಳ್ಳೋನು ನಾನೇ ಮೇಡಂ."

ಅಯ್ಯೋ...! ಅವಳು ನಾಲಿಗೆ ಕಚ್ಚಿಕೊಂಡಳು.

* * *

ಹಾಗೆ ಶುರುವಾಯಿತು ನೋಡಿ.

ಅವನು ಊರಿಗೆ ಬಂದು ಮೂರು ತಿಂಗಳಾಗಿತ್ತು. ಗೋಪುರದ ಗಡಿಯಾರ ನೋಡಿಕೊಳ್ಳುವ ನಗರಸಭೆಯ ಗುತ್ತಿಗೆ ಅವನದು. ಉಳಿದ ಹೊತ್ತಲ್ಲಿ ಗೋಪುರದ ಬುಡದಲ್ಲೇ ಒಂದು ಪುಟ್ಟ ರಿಪೇರಿ ಅಂಗಡಿ. ಕೋಟೆಯವರೆಗೆ ಗಂಟೆ ಕೇಳಿಸುವುದಿಲ್ಲವೆಂಬ ದೂರು ಹಳೆಯದು. ಅದು ನಿಜವೇ ಎಂದು ತನ್ನ ಕಿವಿಯಿಂದಲೇ ಪರೀಕ್ಷಿಸಲು ಅವತ್ತು ಹೊರಟಿದ್ದನಂತೆ.

ಮರುದಿನ ಅವಳೇ ಅಂಗಡಿಗೆ ಹೋದಳು. ಕ್ಷಮೆ ಕೇಳಲಲ್ಲ. ಕ್ಷಮೆ ಅವಳ ಜಾಯಮಾನವಲ್ಲ!

"ಏನ್ರೀ ಗಡಿಯಾರದವರೇ, ನೀವ್ಯಾಕೆ ಅಷ್ಟು ದೂರ ಬರಬೇಕು? ನಾನು ದಿನಾ ಕೋಟೇಲಿ ಇರ್ತೀನಲ್ಲ. ಗಂಟೆ ಕೇಳಿಸ್ತೋ ಇಲ್ವೋ ಅಂತ ಬಂದು ಹೇಳ್ತೀನಿ."

ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ನೋಡಿದ. "ನಿಜವಾಗ್ಲೂ?"

"ಮತ್ತೆ ತಮಾಷೆಗೆ ಹೇಳ್ತಾರಾ?"

ಅಂದಿನಿಂದ ದಿನವೂ ಸಂಜೆ ಅವಳು ಅಂಗಡಿಯ ಕಟ್ಟೆಯ ಮೇಲೆ ಹಾಜರು. "ಇವತ್ತೂ ಕೇಳಿಸಲಿಲ್ಲ." ಅವನು ಗೋಪುರದ ಕಿಟಕಿಯ ಹಲಗೆ ಬಿಚ್ಚಿದ. "ಇಲ್ಲ." ಗಂಟೆ ಬಡಿಯುವ ಸುತ್ತಿಗೆಯ ಚರ್ಮ ಬದಲಿಸಿದ. "ಊಹೂಂ."

"ನಿಮಗೆ ಕೇಳಿಸೋವರೆಗೂ ಬಿಡಲ್ಲ," ಅಂದ ಒಂದು ದಿನ.

"ಕೋಟೇಗೆ ಕೇಳಿಸಬೇಕು ಅಂತಲ್ವಾ ದೂರು? ನನಗೆ ಅಂತಲ್ಲವಲ್ಲ!"

ಅವನು ಕೆಂಪಾಗಿ ಕೆಳಗೆ ನೋಡಿದ. ಎದುರು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಸ್ಕ್ರೂ ಒಂದು ಉರುಳಿ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದರು. ತಲೆಗೆ ತಲೆ ಡಿಕ್ಕಿ!

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ‘ಏನಾಗಿದೆ ನನಗೆ? ತಲೆಗೆ ಪೆಟ್ಟಾಗಿದೆ, ಅಷ್ಟೇ.’ ಪೆಟ್ಟು ಬಿದ್ದಿದ್ದು ತಲೆಗೇ ಆದರೂ ನೋವು ಎಲ್ಲೆಲ್ಲೋ ಓಡಾಡುತ್ತಿತ್ತು.

ಒಂದೇ ಸಮನೆ ಚಡಪಡಿಕೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಮನೆಯಲ್ಲಿ ಅಪ್ಪ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಓರೆಗಣ್ಣಲ್ಲಿ ನೋಡಿದರು. "ಏನಮ್ಮ, ಅಡಿಗೆಮನೆಗೂ ವರಾಂಡಕ್ಕೂ ಎಷ್ಟು ಸಲ ನಡೀತೀಯ? ಉಬ್ಬರ ಬರ್ತಿದೆಯಾ?"

"ಹೋಗಪ್ಪ ನೀನು!"

ಒಂದು ಸಂಜೆ ವಾಚಿನ ಗಾಜಿನೊಳಗೆ ನೀರ ಹಬೆ ಕಟ್ಟಿತು. ಪಟ್ಟಿಯೂ ಕಿತ್ತುಬಂತು. ಬೇರೆ ಯಾರ ಕೈಗೂ ಕೊಡದ ಆ ವಾಚನ್ನು ಅವಳು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ನಾಳೆ ಹತ್ತು ಗಂಟೆಗೆ ಜನ ಕರ್ಕೊಂಡು ಹೋಗ್ಬೇಕು. ಆಗುತ್ತಾ?"

"ನಿಮಗೆ ಆಗಲ್ಲ ಅಂತೀನಾ?"

‘ಇಪ್ಪತ್ತು ನಿಮಿಷದ ವಿಷಯ ಹೇಳಿಬಿಡಲೇ?’ ಬಾಯಿಯವರೆಗೆ ಬಂತು. ಅಪ್ಪನ ಮಾತು ನೆನಪಾಯಿತು. ಮೊದಲ ದಿನ ಎಲ್ಲರೆದುರು ‘ನನ್ನದೇ ಸರಿ’ ಎಂದು ಕೊಚ್ಚಿಕೊಂಡಿದ್ದೂ ನೆನಪಾಯಿತು. ಈಗ ಹೇಳಿದರೆ ಇವನು ನಗುವುದಿಲ್ಲವೇ? ಇನ್ನೊಮ್ಮೆ ಹೇಳಿದರಾಯಿತು ಎಂದು ನುಂಗಿಕೊಂಡಳು.

ಮರುದಿನ ಬೆಳಗ್ಗೆ ಅವನು ಗೇಟಿನವರೆಗೆ ಓಡೋಡಿ ಬಂದ. ಅವಳು ಫೋನುಗಳನ್ನು ಚೀಲಕ್ಕೆ ಹಾಕುತ್ತಿದ್ದಳು.

"ಕೈ ಕೊಡಿ."

ಅವನೇ ವಾಚು ಕಟ್ಟಿದ. ಅವನ ಬೆರಳು ಅವಳ ಮಣಿಕಟ್ಟಿನ ಮೇಲೆ ಒಂದು ಕ್ಷಣ... ಬೇಕಾದ್ದಕ್ಕಿಂತ ಒಂದೇ ಒಂದು ಕ್ಷಣ ಹೆಚ್ಚು ನಿಂತಿತು.

"ಗಾಜು ಹೊಸದು. ಪಟ್ಟಿ ಹೊಸದು. ಮತ್ತೆ..."

"ಮತ್ತೆ?"

"ಏನಿಲ್ಲ. ಇವತ್ತು ನಿಮಗೆ ಗಂಟೆ ಕೇಳಿಸಬಹುದು."

ಹತ್ತು ಗಂಟೆ ಹೊಡೆಯಿತು. ದಿನವೂ ಆ ಸದ್ದಿಗೆ ವಾಚು ನೋಡಿಕೊಂಡು ಇಪ್ಪತ್ತು ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದವಳು ಅಂದು ಗೋಪುರವನ್ನೇ ನೋಡುತ್ತಾ ನಿಂತಳು. ನಡೆಯಲು ಹೊರಟಾಗ ಅವಳ ಮುಖದಲ್ಲಿದ್ದ ನಗು ಯಾರ ಕಣ್ಣಿಗೂ ತಪ್ಪುವಂತಿರಲಿಲ್ಲ.

* * *

ಅವತ್ತಿನ ಗುಂಪಿನಲ್ಲಿ ಹದಿಮೂರು ಜನ. ಒಬ್ಬರು ನಿವೃತ್ತ ಟೀಚರಮ್ಮ, ಎಪ್ಪತ್ತರ ಹತ್ತಿರ ವಯಸ್ಸು, ಕೈಯಲ್ಲಿ ಕೋಲು. ಇನ್ನೊಂದು ಹೊಸದಾಗಿ ಮದುವೆಯಾದ ಜೋಡಿ.

ಗಡುವು ಒಂದೂವರೆ. ವಾಚು ಒಂದು ತೋರಿಸಿದಾಗ ಅವಳು ವಿಸಿಲ್ ಊದಿದಳು.

"ಮೇಡಂ, ಆ ಬುರುಜಿನ ಹತ್ತಿರ ಒಂದೇ ಒಂದು ಫೋಟೋ!" ಹೊಸ ಹೆಂಡತಿ ಕೈಮುಗಿದಳು. ಗಂಡ ನಾಚಿಕೊಂಡು ಪಕ್ಕದಲ್ಲಿ ನಿಂತಿದ್ದ.

"ನನ್ನ ಕಾಲು ನಿಧಾನ ಕಣಮ್ಮ," ಟೀಚರಮ್ಮ ಹೇಳಿದರು. "ಬೇಗ ಹೊರಟರೆ ಒಳ್ಳೇದಿತ್ತು."

ಬೇರೆ ದಿನವಾಗಿದ್ದರೆ ಅವಸರಮ್ಮ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆದರೆ ಅಂದು ಅವಳಿಗೆ ಲೋಕದ ಎಲ್ಲ ಜೋಡಿಗಳ ಮೇಲೂ ಪ್ರೀತಿ ಬಂದುಬಿಟ್ಟಿತ್ತು. ‘ನಿಜವಾದ ಹೊತ್ತು ಇನ್ನೂ ಹನ್ನೆರಡು ನಲವತ್ತು ತಾನೇ? ಹತ್ತು ನಿಮಿಷ ಕೊಟ್ಟರೂ ಹತ್ತು ಕೈಯಲ್ಲಿರುತ್ತೆ...’

"ಆಯ್ತು, ಹೋಗಿ ನಿಂತ್ಕೊಳ್ಳಿ. ಟೀಚರಮ್ಮ, ಏನೂ ಯೋಚನೆ ಮಾಡಬೇಡಿ. ಸಮಯ ಇದೆ."

ಸಮಯ ಇರಲಿಲ್ಲ.

ದಡಕ್ಕೆ ಇನ್ನು ಕಾಲು ಭಾಗ ದಾರಿ ಉಳಿದಿರುವಲ್ಲಿ ಮರಳು ತಗ್ಗಾಗುತ್ತದೆ. ಅಲ್ಲಿಗೆ ಬಂದಾಗ ದಾರಿಯೇ ಕಾಣಲಿಲ್ಲ. ಮೊದಲು ನೀರು ಹಿಮ್ಮಡಿಗೆ ಬಂತು. ಅವಳು ನಂಬಲಿಲ್ಲ. ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು!

"ಎಲ್ಲರೂ ಕೈ ಹಿಡ್ಕೊಳ್ಳಿ! ಯಾರೂ ಬಿಡಬೇಡಿ!"

ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. ಅಲೆಯೊಂದು ಪಕ್ಕದಿಂದ ಬಂದು ಹೊಡೆಯಿತು. ಟೀಚರಮ್ಮ ಜಾರಿದರು. ಅವಳು ಮುಳುಗಿ, ಅವರ ಸೀರೆಯ ಸೆರಗು ಸಿಕ್ಕಿ, ಎಳೆದು ಎತ್ತಿದಳು. ಅವರ ಬಲಗೈ ವಿಚಿತ್ರವಾಗಿ ತಿರುಗಿತ್ತು. ಆ ಹಿರಿಯ ಜೀವ ಅಳಲೂ ಇಲ್ಲ, ಬಯ್ಯಲೂ ಇಲ್ಲ, ಬರೀ ಅವಳ ಮುಖ ನೋಡುತ್ತಿದ್ದರು. ಅದೇ ಅವಳಿಗೆ ತಡೆಯಲಾಗಲಿಲ್ಲ.

ರಕ್ಷಣಾ ದೋಣಿ ಬಂತು. ಹದಿಮೂರು ಜನರೂ ಬದುಕಿದರು.

ದೋಣಿಯಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಾ ಕೂತಾಗ ಅವಳ ಕಣ್ಣು ಚುಕ್ಕಾಣಿಯ ಪಕ್ಕದ ಗಡಿಯಾರಕ್ಕೆ ಹೋಯಿತು. ಒಂದು ಐವತ್ತೆರಡು.

ತನ್ನ ಕೈ ನೋಡಿಕೊಂಡಳು. ಒಂದು ಐವತ್ತೆರಡು.

ಆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು?

* * *

ಒದ್ದೆ ಬಟ್ಟೆಯಲ್ಲೇ ಅಂಗಡಿಗೆ ನುಗ್ಗಿದಳು. ಅವನು ಗೋಪುರದಿಂದ ಈಗಷ್ಟೇ ಓಡಿ ಇಳಿದವನಂತೆ ಏದುಸಿರು ಬಿಡುತ್ತಿದ್ದ. ಅವಳನ್ನು ಕಂಡು "ಅಬ್ಬಾ..." ಎಂದು ಎರಡು ಹೆಜ್ಜೆ ಮುಂದೆ ಬಂದ.

"ಅಲ್ಲೇ ನಿಲ್ಲಿ!"

ಅವನು ನಿಂತ.

"ವಾಚು ಸರಿ ಮಾಡಿದ್ರಾ?"

"ಅದೇ... ಗಾಜು, ಪಟ್ಟಿ..."

"ಹೊತ್ತು! ಹೊತ್ತು ಸರಿ ಮಾಡಿದ್ರಾ ಅಂತ ಕೇಳ್ದೆ!"

"ಮಾಡಿದೆ." ಅವನ ಮುಖ ಬಿಳಿಚಿಕೊಂಡಿತು. "ಮುಂದಿತ್ತಲ್ಲ... ತಪ್ಪು ಹೊತ್ತಿಗೆ ಕಿವಿಗೊಟ್ಟರೆ ಗಂಟೆ ಹೇಗೆ ಕೇಳಿಸುತ್ತೆ ಅಂತ..."

"ಯಾರು ಹೇಳಿದ್ರು ನಿಮಗೆ? ಅದು ಬೇಕು ಅಂತಲೇ ಮುಂದಿಟ್ಟಿದ್ದು ಕಣ್ರೀ! ಮೂವತ್ತು ವರ್ಷದಿಂದ! ಜನರ ಪ್ರಾಣ ಅದರ ಮೇಲಿತ್ತು!"

ಅವನು ಮೇಜಿನ ಅಂಚು ಹಿಡಿದುಕೊಂಡ.

"ಟೀಚರಮ್ಮನ ಕೈ ಮುರಿದಿದೆ. ನನ್ನ ಲೈಸೆನ್ಸ್ ಕಿತ್ಕೊಂಡಿದ್ದಾರೆ, ವಿಚಾರಣೆ ಆಗೋವರೆಗೂ. ಅದಿಲ್ಲದೆ ನಾನು ಯಾರು? ಹೇಳಿ, ನಾನು ಯಾರು?" ಅವಳು ಬಾಗಿಲ ಕಡೆ ತಿರುಗಿದಳು. "ನಿಮ್ಮ ಮುಖ ನೋಡಲ್ಲ ನಾನು. ಯಾವತ್ತೂ!"

ಹೊರಗೆ ಬಂದಾಗ ಮೂರು ಹೊಡೆಯಿತು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ವಿಚಾರಣೆಗೆ ಒಂಬತ್ತು ದಿನವಿತ್ತು. ಒಂಬತ್ತು ದಿನವೂ ಅವಳು ಮನೆಯೊಳಗೆ ಸುಳಿದಾಡಿದಳು. ಇಳಿತದ ಹೊತ್ತಿಗೆ ಕಾಲು ತಾವಾಗಿಯೇ ಬಾಗಿಲಿನ ಕಡೆ ನಡೆಯುತ್ತಿದ್ದವು. ಚಪ್ಪಲಿ ಮೆಟ್ಟಿಕೊಂಡು, ಎಲ್ಲಿಗೆ ಎಂದು ನೆನಪಾಗಿ, ಮತ್ತೆ ಬಿಡುತ್ತಿದ್ದಳು. ಅವನ ಮೇಲೆ ಕೋಪವಿತ್ತು, ಬೆಟ್ಟದಷ್ಟಿತ್ತು. ಹಾಗಾದರೆ ಸಂಜೆಯಾಗುತ್ತಲೇ ಅಂಗಡಿಯ ಕಟ್ಟೆ ಯಾಕೆ ಕಣ್ಣಮುಂದೆ ಬರಬೇಕು? ‘ಛೀ, ನಾಚಿಕೆಯಾಗಬೇಕು ನಿನಗೆ!’

ಎಂಟನೆಯ ದಿನ ಅಪ್ಪ ಕರೆದು ಹತ್ತಿರ ಕೂರಿಸಿಕೊಂಡರು.

"ಆ ಹುಡುಗ ವಾಚು ಸರಿ ಮಾಡಿದ. ಒಪ್ಪಿದೆ. ನೀನು ಕೋಟೆಯಿಂದ ಎಷ್ಟು ಹೊತ್ತಿಗೆ ಹೊರಟೆ?"

"ಒಂದು ಹತ್ತು."

"ವಾಚು ಒಂದು ಅಂದಾಗ ಹೊರಡಬೇಕು ಅಲ್ವಾ?"

ಅವಳು ಚಾಪೆಯ ಎಳೆ ಕೀಳತೊಡಗಿದಳು.

"ನಾನು ಮೂವತ್ತು ವರ್ಷದಲ್ಲಿ ಆ ಇಪ್ಪತ್ತು ನಿಮಿಷ ಒಂದ್ಸಲಾನೂ ಮುಟ್ಟಲಿಲ್ಲ ಮಗಳೇ. ಅದು ಇದೆ ಅನ್ನೋದನ್ನೇ ಮರೆತು ನಡೆದೆ. ಅದು ಕಾಲು ಉಳುಕಿದವರಿಗೆ ಇಟ್ಟಿದ್ದು. ನೀನು ಯಾರಿಗೆ ಕೊಟ್ಟೆ?"

"ಫೋಟೋಗೆ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಅಷ್ಟೇ ಅಲ್ಲ. ಈ ನಾಲ್ಕು ವರ್ಷದಲ್ಲಿ ಅದೆಷ್ಟು ಸಲ ಐದು, ಎಂಟು, ಹತ್ತು ನಿಮಿಷ ಹೀಗೆಯೇ ಧಾರಾಳವಾಗಿ ಹಂಚಿದ್ದಳು! ಪ್ರತಿ ಸಲವೂ ಪಾರಾಗಿದ್ದಳು, ಅಷ್ಟೇ.

ಅಪ್ಪ ತಲೆ ನೇವರಿಸಿದರು. ಅವಳು ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

* * *

ಬಂದರು ಕಚೇರಿಯ ಮಹಡಿಯ ಕೋಣೆ. ಉದ್ದನೆಯ ಮೇಜು, ಉಪ್ಪು ಗಾಳಿಗೆ ಮಸುಕಾದ ಕಿಟಕಿಗಾಜು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಮೇಜಿನ ನಡುವೆ ಒಂದು ಕವರಿನೊಳಗೆ ಅಪ್ಪನ ವಾಚು.

ಅಧಿಕಾರಿ ಕಾಗದ ತಿರುವುತ್ತಿರುವಾಗ ಬಾಗಿಲು ತೆರೆಯಿತು.

ಅವನು! ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿದ್ದವು. ಅವಳ ಕಡೆ ನೋಡಲೇ ಇಲ್ಲ.

"ನಿಮ್ಮನ್ನ ಯಾರು ಕರೆದದ್ದು?" ಎಂದರು ಅಧಿಕಾರಿ.

"ಯಾರೂ ಕರೆದಿಲ್ಲ ಸರ್. ತಪ್ಪು ನನ್ನದು, ಅದಕ್ಕೆ ಬಂದೆ." ಅವನು ನಿಂತೇ ಹೇಳಿದ. "ಇವರ ವಾಚಿನ ಹೊತ್ತನ್ನ ನಾನು ಬದಲಾಯಿಸಿದೆ. ಹೇಳಲಿಲ್ಲ, ಕೇಳಲಿಲ್ಲ. ಇವರು ಅದನ್ನೇ ನಂಬಿ ಹೋದರು. ನನ್ನ ಹೆಸರು ಬರ್ಕೊಳ್ಳಿ."

ಗುಮಾಸ್ತರ ಪೆನ್ನು ಓಡಿತು.

"ಹಾಗಾದ್ರೆ ನಾನು ನಗರಸಭೆಗೆ ಬರೀಬೇಕಾಗುತ್ತೆ," ಅಧಿಕಾರಿ ನಿಧಾನವಾಗಿ ಹೇಳಿದರು. "ಹೇಳದೆ ಕೇಳದೆ ಹೊತ್ತು ಬದಲಾಯಿಸೋರ ಕೈಯಲ್ಲಿ ಊರಿನ ಗಡಿಯಾರ ಹೇಗೆ ಬಿಡೋದು? ನಿಮ್ಮ ಗುತ್ತಿಗೆ ಹೋಗುತ್ತೆ."

"ಗೊತ್ತು ಸರ್."

ಅಧಿಕಾರಿ ಅವಳ ಕಡೆ ತಿರುಗಿದರು. "ಇದು ನಿಜವಾದರೆ ನಿಮ್ಮ ಮೇಲೆ ಏನೂ ಉಳಿಯಲ್ಲಮ್ಮ. ವಾಚಿಂದ ತಡವಾಯ್ತು ಅಂತ ಒಂದು ಸಹಿ ಹಾಕಿ. ನಾಳೆಯಿಂದ ಕೆಲಸಕ್ಕೆ ಹೋಗಬಹುದು."

ಪೆನ್ನು ಅವಳ ಮುಂದೆ ಬಂತು.

ನಾಳೆಯಿಂದ! ಒದ್ದೆ ಮರಳು, ಗಾಳಿ, ಹಿಂದೆ ಹತ್ತು ಹದಿನೈದು ಹೆಜ್ಜೆಗಳ ಸದ್ದು... ಒಂದು ಸಹಿ, ಅಷ್ಟೇ. ಅವನು ತಾನಾಗಿಯೇ ಬಂದು ಹೇಳಿದ್ದಾನಲ್ಲ. ಅವಳೇನೂ ಕೇಳಿರಲಿಲ್ಲವಲ್ಲ.

ಪೆನ್ನು ಹಿಡಿದಳು. ಪೆನ್ನನ್ನು ಕೆಳಗಿಟ್ಟಳು.

"ಅಲ್ಲ ಸರ್."

"ಏನು ಅಲ್ಲ?"

"ಇವರು ವಾಚನ್ನ ಕೆಡಿಸಲಿಲ್ಲ. ಸರಿ ಮಾಡಿದ್ರು. ಸರಿಯಾದ ಹೊತ್ತು ತೋರಿಸೋ ವಾಚಿಗೆ ಯಾರಾದ್ರೂ ಶಿಕ್ಷೆ ಕೊಡ್ತಾರಾ?" ಅವಳು ಎದ್ದು ನಿಂತಳು. "ಒಂದು ಗಂಟೆಗೆ ಹೊರಡಬೇಕಿತ್ತು. ವಾಚು ಒಂದು ಅಂತಲೇ ತೋರಿಸ್ತು. ನಾನು ಹೊರಡಲಿಲ್ಲ. ಹತ್ತು ನಿಮಿಷ ನಿಂತೆ. ಕಾಲು ನಿಧಾನ, ಬೇಗ ಹೊರಡೋಣ ಅಂತ ಟೀಚರಮ್ಮ ಬಾಯಿಬಿಟ್ಟು ಹೇಳಿದ್ರು. ಸಮಯ ಇದೆ ಅಂತ ಅವರ ಬಾಯಿ ಮುಚ್ಚಿಸಿದೆ. ಬರ್ಕೊಳ್ಳಿ ಸರ್. ಅದೂ ಮೊದಲನೇ ಸಲ ಅಲ್ಲ. ಹಿಂದೆಯೂ ಹೀಗೆ ಮಾಡಿದೀನಿ."

ಅವನು ಈಗ ಅವಳನ್ನು ನೋಡಿದ. ಒಂಬತ್ತು ದಿನದ ಮೇಲೆ ಮೊದಲ ಸಲ.

ಅಧಿಕಾರಿ ಆ ಮಾತುಗಳನ್ನೆಲ್ಲ ಗುಮಾಸ್ತರಿಂದ ಮತ್ತೊಮ್ಮೆ ಓದಿಸಿಕೊಂಡರು. ಆಮೇಲೆ ಬರೆಸಿದರು. ಆರು ತಿಂಗಳು ಲೈಸೆನ್ಸ್ ಅಮಾನತು. ಗಡಿಯಾರದವನ ಮೇಲೆ ಯಾವ ಕ್ರಮವೂ ಇಲ್ಲ.

ಆರು ತಿಂಗಳು! ಪ್ರವಾಸಿಗರು ಬರುವ ಕಾಲವೆಲ್ಲ ಅದರಲ್ಲೇ ಮುಗಿದುಹೋಗುತ್ತಿತ್ತು. ಅವಳು ಮೆಟ್ಟಿಲಿಳಿಯತೊಡಗಿದಳು. ಅಷ್ಟರಲ್ಲಿ ಹಿಂದೆ ದಡದಡ ಹೆಜ್ಜೆ ಸದ್ದು.

"ಯಾಕೆ ಹಾಗೆ ಹೇಳಿದ್ರಿ?" ಅವನಿಗೆ ಸಿಟ್ಟು ಬಂದಿತ್ತು. ಅವನಿಗೂ ಸಿಟ್ಟು ಬರುತ್ತದೆಂದು ಅವಳಿಗೆ ಅಂದೇ ತಿಳಿದದ್ದು! "ನಾನು ಎಲ್ಲ ಸರಿ ಮಾಡೋಕೆ ಬಂದಿದ್ದೆ!"

"ಸರಿ ಮಾಡೋದು ನಿಮಗೆ ರೋಗ ಕಣ್ರೀ!"

ಇಬ್ಬರೂ ಒಂದು ಕ್ಷಣ ದುರುಗುಟ್ಟಿ ನೋಡಿದರು. ಆಮೇಲೆ ಅವಳ ಕಣ್ಣಲ್ಲಿ ನೀರು ತುಂಬಿತು.

"ವಾಚು ಕಟ್ಟುವಾಗ ಯಾಕೆ ಹೇಳಲಿಲ್ಲ? ‘ಮತ್ತೆ’ ಅಂತ ಶುರು ಮಾಡಿ ನಿಲ್ಲಿಸಿದ್ರಿ..."

"ಮೊದಲ ದಿನ ಎಲ್ಲರೆದುರು ನನ್ನದೇ ಸರಿ ಅಂದಿದ್ರಿ. ನಿಮ್ಮನ್ನ ಸೋಲಿಸೋಕೆ ಮನಸ್ಸಾಗಲಿಲ್ಲ. ಗುಟ್ಟಾಗಿ ಸರಿ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ." ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನೀವ್ಯಾಕೆ ಹೇಳಲಿಲ್ಲ?"

"ನೀವು ನಗ್ತೀರಿ ಅಂತ."

ಎಂಥ ಜನ ನೋಡಿ! ಒಬ್ಬರ ಮುಂದೆ ಒಬ್ಬರು ಸಣ್ಣವರಾಗಬಾರದೆಂದು ನಿಂತು, ಹದಿಮೂರು ಜನರನ್ನು ನೀರಿಗಿಳಿಸಿದ್ದರು.

"ಅವತ್ತು ನಾನು ಗೋಪುರದ ಮೇಲಿದ್ದೆ," ಅವನು ಮೆಲ್ಲಗೆ ಹೇಳಿದ. "ಕಿಟಕಿಯಿಂದ ಎಲ್ಲ ಕಾಣ್ತಿತ್ತು. ನೀರಲ್ಲಿ ತಲೆಗಳನ್ನ ಎಣಿಸಿದೆ. ಹನ್ನೆರಡೇ ಸಿಕ್ಕಿತು. ಎರಡು ಕಮ್ಮಿ ಇತ್ತು. ಆ ಎರಡರಲ್ಲಿ ನೀವಿದ್ದೀರಾ ಅಂತ ಗೊತ್ತಾಗದೆ... ನೀವು ಟೀಚರಮ್ಮನ್ನ ಹಿಡ್ಕೊಂಡು ಮೇಲೆ ಬರೋವರೆಗೂ ನಾನು ಉಸಿರಾಡಿಲ್ಲ. ನಿಮ್ಮನ್ನ ಕಳ್ಕೊಂಡು ನಾನು ಯಾವ ಗಡಿಯಾರ ನಡೆಸಲಿ?"

ಅವಳು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು.

"ಆಸ್ಪತ್ರೆಗೆ ಹೋಗ್ತಿದೀನಿ. ಟೀಚರಮ್ಮನ್ನ ನೋಡಬೇಕು. ಒಂಬತ್ತು ದಿನದಿಂದ ಮನೆ ಬಾಗಿಲವರೆಗೆ ಬಂದು ವಾಪಸ್ ಹೋಗ್ತಿದೀನಿ. ಧೈರ್ಯ ಸಾಲ್ತಿಲ್ಲ."

"ನಾನೂ ಬರ್ತೀನಿ."

"ಬೈತಾರೆ."

"ಇಬ್ಬರಿಗೂ ಹಂಚಿ ಬೈಲಿ."

ಟೀಚರಮ್ಮ ದಿಂಬಿಗೊರಗಿ ಎಡಗೈಯಲ್ಲಿ ದಿನಪತ್ರಿಕೆ ಹಿಡಿದಿದ್ದರು. ಬಲಗೈ ಬೆರಳ ತುದಿಯವರೆಗೂ ಪ್ಲಾಸ್ಟರು. ಅವಳು ಮಂಚದ ಪಕ್ಕ ನಿಂತು, ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಹತ್ತು ನಿಮಿಷ, ಫೋಟೋ, ಸಮಯ ಇದೆ ಎಂಬ ಸುಳ್ಳು. "ನನ್ನನ್ನ ಕ್ಷಮಿಸಿ," ಎಂದಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ ಅದು, ತೊದಲಿತು.

ಟೀಚರಮ್ಮ ಕನ್ನಡಕದ ಮೇಲಿಂದ ದಿಟ್ಟಿಸಿದರು.

"ಈಗ ಕ್ಷಮಿಸಲ್ಲ. ತುಂಬಾ ನೋವಿದೆ ನನಗೆ. ರಾತ್ರಿ ಮಗ್ಗುಲು ತಿರುಗೋಕಾಗಲ್ಲ."

ಅವಳು ತಲೆ ತಗ್ಗಿಸಿದಳು.

"ಪ್ಲಾಸ್ಟರ್ ಬಿಚ್ಚೋ ದಿನ ಬಾ. ಆಗ ಕೇಳು, ನೋಡೋಣ. ಅಲ್ಲೀವರೆಗೂ ದಿನಾ ಸಂಜೆ ಬಂದು ನನಗೆ ಪೇಪರ್ ಓದು. ಪುಟ ತಿರುವೋಕೆ ಆಗ್ತಿಲ್ಲ."

"ಬರ್ತೀನಿ ಟೀಚರಮ್ಮ. ದಿನಾ ಬರ್ತೀನಿ!"

"ಇವನ್ಯಾರು? ಬಾಗಿಲಲ್ಲಿ ನಿಂತು ನನಗಿಂತ ಜಾಸ್ತಿ ಅಳ್ತಿದ್ದಾನೆ."

ಅವಳು ತಿರುಗಿ ನೋಡಿದಳು. ಬೆಳೆದ ಗಡ್ಡ, ಜಾರಿದ ಕನ್ನಡಕ, ಕೆಂಪಾದ ಮೂಗು. ಗಡಿಯಾರದವರು ಅನ್ನಬಹುದಿತ್ತು. ಪರಿಚಯದವರು ಅನ್ನಬಹುದಿತ್ತು.

"ಇವರು... ನಮ್ಮವರು," ಎಂದಳು.

ಟೀಚರಮ್ಮ "ಹೂಂ" ಎಂದು ಪತ್ರಿಕೆಯನ್ನು ಅವಳ ಕೈಗೆ ಕೊಟ್ಟರು. ಅವಳು ಮೊದಲ ಪುಟದಿಂದ ಶುರುಮಾಡಿ ಅವರಿಗೆ ನಿದ್ದೆ ಹತ್ತುವವರೆಗೂ ಓದಿದಳು. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದ.

ಹೊರಗಿನ ಕಾರಿಡಾರಿನಲ್ಲಿ ಹತ್ತು ಹೆಜ್ಜೆ ನಡೆದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಒಳಗೆ ಟೀಚರಮ್ಮ ಕೇಳಿದಾಗ ಏನೋ ಅಂದ್ರಿ..."

"ಏನಂದೆ? ಗಂಟೆ ಹೊಡೆದೂ ಹೊಡೆದೂ ಕಿವಿ ಹೋಗಿದೆಯಾ?"

"ಹೋಗಿಲ್ಲ. ಇನ್ನೊಂದ್ಸಲ ಕೇಳಬೇಕು ಅನ್ನಿಸ್ತು."

"ನಮ್ಮವರು ಅಂದೆ. ನನ್ನವರು. ಸಾಕಾ?"

"ಸಾಕಾಗಲ್ಲ." ಅವನು ನಿಂತು ಅವಳ ಕೈ ಹಿಡಿದುಕೊಂಡ. "ಆರು ತಿಂಗಳೂ ದಿನಾ ಹೇಳಬೇಕು."

"ಆಮೇಲೆ?"

"ಆಮೇಲೆ ನೀನು ಮತ್ತೆ ಸಮುದ್ರದ ಮೇಲೆ ನಡೀತೀಯಲ್ಲ..." ‘ನೀನು’ ಎಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಾಯಿತು, ಮೈ ಜುಮ್ಮೆಂದಿತು. "ಹೋಗೋ ಮುಂಚೆ ಹೇಳದಿದ್ರೂ ಪರವಾಗಿಲ್ಲ. ಬಂದ ಮೇಲೆ ಹೇಳು."

ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬರ್ತೀನಿ," ಎಂದಳು. "ಬಂದು ಹೇಳ್ತೀನಿ."